ತಾರಸಿ ಮೇಲಿನ ಬಲೆಮನೆ, ಅಕ್ಕನ ಬಲಗೈ

ಒಂದು ಮಾತು ಕೇಳುತ್ತೇನೆ, ನಿಜ ಹೇಳಿ. ನನಗೇ ಬೇಕು ಅಂತ ಹಟ ಹಿಡಿದು ಮನೆಗೆ ಒಂದು ವಸ್ತು ತಂದು, ನೋಡನೋಡುತ್ತ ಅದು ಮನೆಯ ಬೇರೆ ಯಾರದೋ ಆಗಿಬಿಟ್ಟದ್ದು ನಿಮಗೂ ಆಗಿದೆಯಾ? ಆರಾಮ ಕುರ್ಚಿಯೋ, ಹೊಲಿಗೆ ಮಷಿನ್ನೋ, ಯಾವುದಾದರೂ ಸರಿ. ನನ್ನ ಪಾಲಿಗೆ ಅದು ಗ್ರೀನ್‌ಹೌಸ್. ನಗಬೇಡಿ, ಪೂರ್ತಿ ಓದಿ.

ಹೋದ ವಾರ ಹಿರೇಕೆರೂರು ಕಡೆ ಮದುವೆಗೆ ಹೊರಟಿದ್ದೆ. ಹಂಸಭಾವಿ ಹತ್ತಿರ ಬಸ್ಸಿನ ಗಾಲಿ ಪಂಚರ್ ಆಗಿ ನಿಂತಿತು. ರಸ್ತೆ ಪಕ್ಕದಲ್ಲೇ ಬಿಳಿ ಬಲೆ ಕಟ್ಟಿದ ಟೊಮೆಟೊ ಹೊಲ. ಗಾಳಿ ಬೀಸಿದ್ದೇ ತಡ, ಟೊಮೆಟೊ ಎಲೆಯ ವಾಸನೆ ಕಿಟಕಿಯೊಳಗೆ ನುಗ್ಗಿತು. ಹಣ್ಣಿನದಲ್ಲ, ಎಲೆಯದು. ಆ ಎಲೆ ಮುಟ್ಟಿದವರಿಗೆ ಗೊತ್ತು, ಬೆರಳು ಹಸಿರುಗಪ್ಪಾಗಿ ಎರಡು ಸಲ ಸೋಪು ಹಚ್ಚಿದರೂ ಹೋಗುವುದಿಲ್ಲ. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ಮೂರು ವರ್ಷದ ಹಿಂದಿನ ಮಳೆಗಾಲಕ್ಕೆ ಹೋಗಿಬಿಟ್ಟಿದ್ದೆ.

ಆ ವರ್ಷ ಗ್ರೀನ್‌ಹೌಸಿನ ಹುಚ್ಚು ಹಿಡಿದದ್ದು ನನಗೆ. ನಾನು ಶಿಗ್ಗಾವಿಯ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಕ್ಲರ್ಕು. ಸಂಜೆ ಮನೆಗೆ ಬಂದರೆ ಮೊಬೈಲು. ಅದರಲ್ಲಿ ಯಾವುದೋ ಚಳಿ ದೇಶದ ಹೆಂಗಸರು ಗಾಜಿನ ಮನೆಯೊಳಗೆ ಗುಲಾಬಿ ಬೆಳೆಸುವುದು, ಅಲ್ಲೇ ಕುರ್ಚಿ ಹಾಕಿ ಚಹಾ ಕುಡಿಯುವುದು. ನನಗೂ ಬೇಕು ಅನ್ನಿಸಿತು. ತಾರಸಿ ಖಾಲಿ ಬಿದ್ದಿತ್ತು. ನಮ್ಮವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರಿಗೆ ಹೇಳಿದರೆ, "ಇರೋವು ಆರು ಕುಂಡಾ. ಅದರಾಗ ಎರಡರಾಗ ಬರೇ ಮಣ್ಣೈತಿ. ಅವಕ್ಕೊಂದು ಅರಮನಿ ಬೇಕಾ?" ಅಂದರು.

ಅಂಥವರ ಮಾತು ಕೇಳಿದರೆ ಆಯಿತೇ? ಮೊಬೈಲಿನಲ್ಲೇ ಆರ್ಡರ್ ಮಾಡಿದೆ. ಯುಗಾದಿ ಮುಗಿದ ವಾರ ಒಂದು ಪೆಟ್ಟಿಗೆ ಬಂತು. ಸಣ್ಣ ಕೊಳವೆಗಳು, ಮೇಲೆ ಹೊದಿಸಲು ಪಾರದರ್ಶಕ ಪ್ಲಾಸ್ಟಿಕ್, ಬಾಗಿಲಿಗೆ ಜಿಪ್ಪು.

ಅದೇ ವಾರ ಗಿರಿಜಕ್ಕನೂ ಬಂದಳು.

ಗಿರಿಜಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹಂಸಭಾವಿಗೆ ಕೊಟ್ಟಿದ್ದರು. ಭಾವ ತೀರಿಕೊಂಡು ಹತ್ತು ವರ್ಷ, ಮಗಳು ಮದುವೆಯಾಗಿ ಹಾನಗಲ್ಲಿನಲ್ಲಿದ್ದಾಳೆ. ಅಕ್ಕ ಇಪ್ಪತ್ತು ವರ್ಷದಿಂದ ಬೀಜದ ಹೊಲದಲ್ಲಿ ಕ್ರಾಸಿಂಗ್ ಮಾಡುವವಳು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಹೈಬ್ರಿಡ್ ಬೀಜ ಬೇಕೆಂದರೆ ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಪರಾಗ ಮುಟ್ಟಿಸಬೇಕು. ಅದಕ್ಕೆ ಮೊದಲು, ಟೊಮೆಟೊ ಮೊಗ್ಗು ಅರಳುವ ಹಿಂದಿನ ದಿನವೇ ಸಣ್ಣ ಚಿಮಟ ಹಿಡಿದು ಒಳಗಿನ ಹಳದಿ ಭಾಗವನ್ನು ಎಳೆದು ತೆಗೆಯಬೇಕು. ನಡುವೆ ಒಂದು ಹಸಿರು ಎಳೆ ಇರುತ್ತದೆ, ಹೊಲಿಗೆ ದಾರದಷ್ಟು ಸಪೂರ. ಅದು ಮುರಿದರೆ ಹೂವು ಹೋಯಿತು. ಮರುದಿನ ಬೆಳಿಗ್ಗೆ ಆ ಎಳೆಯ ತುದಿಗೆ ಪರಾಗ ಮುಟ್ಟಿಸಿ, ಗುರುತಿಗೆ ಹೂವಿನ ಬುಡದ ಹಸಿರು ಎಸಳು ಎರಡನ್ನು ಚಿವುಟುತ್ತಾರೆ. ಆ ಗುರುತಿಲ್ಲದೆ ತಾನಾಗಿ ಹಿಡಿದ ಕಾಯಿಗೆ ಅಲ್ಲಿ 'ಸೆಲ್ಫ್' ಅನ್ನುತ್ತಾರೆ. ಅದು ಬೀಜದಲ್ಲಿ ಬೆರೆತರೆ ಎಲ್ಲ ಕೆಟ್ಟಂತೆ. ಸೆಲ್ಫ್ ಕಾಯಿ ಕಂಡರೆ ಕಿತ್ತೊಗೆಯಬೇಕು.

ಅಕ್ಕ ನಮ್ಮಲ್ಲಿಗೆ ಬರುವ ಮುಂಚಿನ ಚಳಿಗಾಲದಲ್ಲಿ ಕೆಲಸಕ್ಕೆ ಹೋಗುವಾಗ ಟಂಟಂ ಆಟೊ ಮಗುಚಿ ಅವಳ ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ತೆಗೆದರು, ಎಲುಬು ಕೂಡಿದೆ ಅಂದರು. ಆದರೆ ಹೆಬ್ಬೆರಳಿಗೂ ತೋರುಬೆರಳಿಗೂ ಮೊದಲಿನ ಹಿಡಿತ ಇಲ್ಲ. ಕೈಗೆ ವ್ಯಾಯಾಮ ಮಾಡಿಸಲು ನಮ್ಮ ಮನೆಗೆ ಬಂದಿದ್ದಳು. ಹೊಲದಲ್ಲಿ ಹೆಂಗಸರ ಮೇಲ್ವಿಚಾರಣೆ ನೋಡುವ ನೀಲವ್ವ ಅವಳಿಗೆ ಮೊದಲೇ ಹೇಳಿ ಕಳಿಸಿದ್ದಳಂತೆ, "ಪಂಚಮಿ ಮುಂದ ಬಾ. ಇಪ್ಪತ್ತು ಮೊಗ್ಗಿ ಕೊಡ್ತೇನಿ. ಎರಡಕಿಂತ ಹೆಚ್ಚು ಮುರದ್ರ ನಾ ಏನೂ ಮಾಡಾಕ ಆಗಂಗಿಲ್ಲ ನೋಡ ಗಿರಿಜಾ." ಹೊಸಬರಿಗೂ, ರಜೆ ಮೇಲೆ ಹೋಗಿ ಬಂದವರಿಗೂ ಅಲ್ಲಿ ಅದೇ ಪರೀಕ್ಷೆ.

ನಾನು ಅಂದೆ, "ಬಿಡ ಅಕ್ಕ, ಸಾಕು ಮಾಡಿದ್ದು. ಇಲ್ಲೇ ಇರು."

ಅಕ್ಕ ಅಂದಳು, "ಇಲ್ಲಿದ್ದು ಏನ್ ಮಾಡ್ಲಿ? ನಿನ್ನ ಮೊಬೈಲ್ ನೋಡ್ಲಾ?"

ಪ್ಲಾಸ್ಟಿಕ್ ಮನೆ ನಿಲ್ಲಿಸಿದೆವು. ಗುಲಾಬಿ, ಜರ್ಬೆರಾ ತಂದಿಟ್ಟೆ. ನಮ್ಮೂರ ಏಪ್ರಿಲ್ ಗೊತ್ತಲ್ಲ. ಮೂರನೇ ದಿನ ಮಧ್ಯಾಹ್ನ ಜಿಪ್ಪು ಎಳೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಹೊಡೆಯಿತು. ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತು ಬಿದ್ದಿದ್ದವು. ಅಕ್ಕ ಇಣುಕಿ ನೋಡಿ, "ಒಗ್ಗರಣಿ ಒಂದ ಬಾಕಿ ಐತಿ" ಅಂದಳು.

ಅದಾಗಿ ಎಂಟು ದಿನಕ್ಕೆ ಒಂದು ಸಂಜೆ ಅಡ್ಡಮಳೆ. ಮೊದಲು ಕೆಂಧೂಳು, ಆಮೇಲೆ ಗಾಳಿ. ನಾನು ಬಟ್ಟೆ ತೆಗೆಯಲು ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಗ್ರೀನ್‌ಹೌಸ್ ಎದ್ದು, ಒಂದು ಸುತ್ತು ಸುತ್ತಿ, ಹಿಂದಿನ ಮನೆಯವರ ನೀರಿನ ಟಾಕಿ ಮೇಲೆ ಹೋಗಿ ಕೂತಿತು. ಆ ಮನೆಯ ಅಜ್ಜ ಕೆಳಗಿನಿಂದ ಕೂಗಿದರು, "ಅವ್ವಾರ, ನಿಮ್ಮ ಮನಿ ನಮ್ಮ ಮನಿ ಮ್ಯಾಲ ಕುಂತೈತ್ರೀ! ಬಾಡಿಗಿ ಕೊಡ್ತೀರೇನು?" ನಮ್ಮವರು ಎರಡು ದಿನ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಹೇಳಿ ನಕ್ಕರು.

ನನಗೆ ಹಟ ಹೆಚ್ಚಾಯಿತು. ಗಟ್ಟಿ ಮನೆಯೇ ಕಟ್ಟಿಸುತ್ತೇನೆ ಅಂತ ಬಂಕಾಪುರದ ಇಸ್ಮಾಯಿಲ್ ಭಾಯಿ ಹತ್ತಿರ ಹೋದೆ. ಹೈವೇ ಪಕ್ಕ ಅವರದು ವೆಲ್ಡಿಂಗ್ ಅಂಗಡಿ. ಸುತ್ತಲಿನ ಹಳ್ಳಿಗಳಿಗೆ ನೆಟ್ ಹೌಸ್ ಕಟ್ಟಿಕೊಡುವವರು. ಅಕ್ಕ ಮನೆಯಲ್ಲಿ ಕೂತು ಬೇಜಾರಾಗಿದೆ ಅಂತ ಜೊತೆಗೆ ಬಂದಿದ್ದಳು. ಕೋಟೆ ಕಡೆಯಿಂದ ನವಿಲುಗಳು ಒಂದೇ ಸಮನೆ ಕೂಗುತ್ತಿದ್ದವು. ಭಾಯಿ ಮಾತು ನಿಲ್ಲಿಸಿ, ಅವು ಕೂಗಿ ಮುಗಿಸಿದ ಮೇಲೆ ಮುಂದುವರಿಸುತ್ತಿದ್ದರು.

ನಾನು ಮೊಬೈಲಿನ ಚಿತ್ರ ತೋರಿಸಿದೆ. "ಇಂಥಾದ್ದ ಬೇಕ್ರಿ ಭಾಯಿ. ಗಾಜು ಬ್ಯಾಡ, ಅದರ ಹಂಗ ಕಾಣೋ ಶೀಟ್ ಹಾಕಿಕೊಡ್ರಿ."

ಭಾಯಿ ಚಿತ್ರವನ್ನು ದೂರ ಹಿಡಿದು ನೋಡಿದರು. "ಶೀಟ್ ಹಾಕಿದ್ರ ಫೋಟೋ ಚಂದ ಬರ್ತೈತ್ರಿ ಅಕ್ಕಾರ. ಗಿಡ ಚಂದ ಬರಂಗಿಲ್ಲ. ಇದು ಚಳಿ ಊರಿಂದು. ಅವ್ರು ಬಿಸಿಲು ಹಿಡದಿಡಾಕ ಮನಿ ಕಟ್ಟತಾರ. ನಮಗ ಬಿಸಿಲು ಹೊರಗ ಹಾಕೋ ಮನಿ ಬೇಕು."

"ಹಂಗಾರ ಹಸಿರು ಬಲಿ?"

"ಅದು ನೆರಳಿಗೆ. ಸವಣೂರಾಗ ಒಬ್ರ ವೀಳ್ಯದೆಲಿ ತ್ವಾಟಕ್ಕ ಅದನ್ನ ಕಟ್ಟಿ ಬಂದೇನಿ. ನೀವು ಏನ್ ಹಚ್ಚಾವ್ರು?"

ನಾನು ಗುಲಾಬಿ ಅನ್ನುವಷ್ಟರಲ್ಲಿ ಅಕ್ಕ, "ಟೊಮೆಟೊ" ಅಂದಳು. ನಾನು ತಿರುಗಿ ನೋಡಿದೆ. "ಒಂದ ಸಾಲು, ತಂಗೀ. ಉಳಿದದ್ರಾಗ ನಿನ್ನ ಗುಲಾಬಿ ಹಚ್ಚಕೋ. ಬಾಜೂಕ ಬಿಳಿ ಬಲಿ ಹಾಕ್ಸು, ಗಾಳಿ ಆಡ್ತೈತಿ. ಮ್ಯಾಲ ಈಗ ಬಲಿ, ಮಳಿ ಹತ್ತಿದ ಮ್ಯಾಲ ಪ್ಲಾಸ್ಟಿಕ್ ಎಳದ್ರಾತು."

ಭಾಯಿ ತಲೆಯಾಡಿಸಿ ಅಕ್ಕನನ್ನು ಹೊಸದಾಗಿ ನೋಡುವಂತೆ ನೋಡಿದರು. "ಬಾಗಲಾ ಪಶ್ಚಿಮಕ್ಕ ಬ್ಯಾಡ್ರಿ. ಆಷಾಢದ ಗಾಳಿ ಆ ಕಡಿಂದ ಬರ್ತೈತಿ, ಮತ್ತ ಟಾಕಿ ಮ್ಯಾಲ ಕುಂದರತೈತಿ." ಅಷ್ಟರಲ್ಲಿ ಆ ಸುದ್ದಿ ಬಂಕಾಪುರದವರೆಗೆ ಮುಟ್ಟಿತ್ತು! ಆಮೇಲೆ ಟೇಪು ಹಿಡಿದು ಕೇಳಿದರು, "ಒಳಗ ನಿಂತು ಕೆಲಸ ಮಾಡೋರು ಯಾರ್ರಿ?"

"ನಾನ" ಅಂದೆ.

ಅವರು ನನ್ನನ್ನು ಅಳೆಯಲಿಲ್ಲ. ಅಕ್ಕನಿಗೆ ಕೈ ಮಡಚಲು ಹೇಳಿ, ನೆಲದಿಂದ ಅವಳ ಮೊಣಕೈವರೆಗೆ ಟೇಪು ಹಿಡಿದು, ಕುಂಡ ಇಡುವ ಹಲಗೆಯ ಎತ್ತರವನ್ನು ಗೋಡೆ ಮೇಲೆ ಸುಣ್ಣದಿಂದ ಬರೆದುಕೊಂಡರು. ನನಗೆ ಉರಿಯಿತು. ಮನೆ ನನ್ನದು, ಆಸೆ ನನ್ನದು. ಆದರೆ ಅಂಗಡಿಯಲ್ಲಿ ಏನು ಜಗಳವಾಡುವುದು ಅಂತ ಸುಮ್ಮನಾದೆ.

ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಬಿಳಿ ಬಲೆಯ ಮನೆ ಎದ್ದಿತು. ನಾನು ಕನಸು ಕಂಡದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ದೊಡ್ಡ ಸೊಳ್ಳೆ ಪರದೆ ಕಟ್ಟಿದ ಹಾಗೆ ಕಾಣುತ್ತಿತ್ತು. ಗುಲಾಬಿ ಸಾಧಾರಣ ಬಂದವು. ಟೊಮೆಟೊ ಮಾತ್ರ ದಾರ ಹಿಡಿದು ಮೇಲೆ ಹತ್ತಿತು. ರೋಹಿಣಿ ಮಳೆ ಒಂದೆರಡು ಸಲ ಬಂದು ಹೋಯಿತು. ಮೃಗಶಿರಾ ಹಿಡಿಯುವ ಹೊತ್ತಿಗೆ ಹಳದಿ ಹೂವು, ಆಷಾಢ ಬರುವಷ್ಟರಲ್ಲಿ ಗೋಲಿಯಷ್ಟು ಕಾಯಿ. ನಾನು ದಿನಾ ಬೆಳಿಗ್ಗೆ ಸಾಲೆಗೆ ಹೋಗುವ ಮುಂಚೆ ಫೋಟೋ ತೆಗೆದು ಹಾಕುತ್ತಿದ್ದೆ. ನಿಮ್ಮಲ್ಲೇ ಎಷ್ಟೋ ಮಂದಿ ಅವಕ್ಕೆ ಹೃದಯ ಒತ್ತಿದ್ದೀರಿ. ಗುಲಾಬಿ ಮರೆತು ಟೊಮೆಟೊ ತಾಯಿಯಾಗಿಬಿಟ್ಟಿದ್ದೆ.

ಒಂದು ಸೋನೆ ಮಳೆಯ ಸಂಜೆ ಮನೆಗೆ ಬಂದು ತಾರಸಿಗೆ ಹೋದರೆ, ಗಿಡದಲ್ಲಿ ಕಾಯಿ ಇಲ್ಲ. ಬಾಗಿಲ ಬಳಿ ಬಕೆಟ್ಟು. ಬಕೆಟ್ಟಿನ ತುಂಬ ಹಸಿರು ಕಾಯಿ. ಅಕ್ಕ ಅದರ ಪಕ್ಕ ಹಲಗೆಗೆ ಒರಗಿ ನಿಂತಿದ್ದಳು.

"ಏನ ಇದು?"

"ಕೈ ತಾನ ಹೋತವ್ವ" ಅಂದಳು ಅಕ್ಕ, ಮೆಲ್ಲಗೆ. "ಸಾಲು ಹಿಡದು ಬಂದೆ. ಗುರುತ ಇಲ್ಲದ ಕಾಯಿ ಕಂಡ್ವು. ಕಿತ್ತೆ. ಬಕೀಟು ತುಂಬಿದ ಮ್ಯಾಲ ನೆನಪಾತು, ಇದು ಹೊಲ ಅಲ್ಲ, ನಿನ್ನ ಮನಿ ಅಂತ."

ನೋಡಿ, ಇಲ್ಲಿ ನಾನು ನಗಬೇಕಿತ್ತು. ನಗಲಿಲ್ಲ. "ಹೊಲದಾಗಿನ ಬುದ್ಧಿ ಇಲ್ಲಿ ತರಬ್ಯಾಡ ಅಕ್ಕ. ಇದೇನ್ ನಿನ್ನ ಕೂಲಿ ಹೊಲ ಅಂತ ತಿಳಕೊಂಡೀಯೇನು?" ಅಂದೆ. ಅಂದ ಮಾತನ್ನು ಹಾಗೇ ಬರೆದಿದ್ದೇನೆ.

ಅಕ್ಕ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ಕೆಳಗೆ ಹೋದಳು.

ಸಿಟ್ಟಿನಲ್ಲಿ ನಿಂತು ಗಿಡ ನೋಡಿದೆ. ಆಗ ಕಂಡದ್ದು, ಎಲ್ಲ ಕಾಯಿಯೂ ಹೋಗಿರಲಿಲ್ಲ. ಎಲೆಯ ಮರೆಯಲ್ಲಿ ಬಟಾಣಿಯಷ್ಟು ಸಣ್ಣ ಕಾಯಿ ಹತ್ತು ಹನ್ನೆರಡು ಉಳಿದಿದ್ದವು. ಪ್ರತಿಯೊಂದರ ಬುಡದಲ್ಲೂ ಎರಡು ಹಸಿರು ಎಸಳು ಇಲ್ಲ. ಚಿವುಟಿದ್ದು. ಹಲಗೆ ಮೇಲೆ ಒಂದು ಹಳೆಯ ಡಬ್ಬಿಯ ಮುಚ್ಚಳ. ಅದರಲ್ಲಿ ಚಿಮಟ, ಪಕ್ಕದಲ್ಲಿ ಮುರಿದ ಹೂವುಗಳ ಸಣ್ಣ ಗುಡ್ಡೆ. ನಾನು ಸಾಲೆಗೆ ಹೋದ ಮೇಲೆ ದಿನಾ ಅಕ್ಕ ಇಲ್ಲಿ ಕೈ ಪಳಗಿಸುತ್ತಿದ್ದಳು. ನನಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಉತ್ತರವನ್ನು ಈಗತಾನೇ ನಾನೇ ಕೊಟ್ಟಿದ್ದೆನಲ್ಲ.

ಕೆಳಗೆ ಹೋದೆ. ನಮ್ಮವರು ಬಕೆಟ್ಟನ್ನು ಅಡುಗೆಮನೆಗೆ ತಂದಿಟ್ಟು, "ಶೇಂಗಾ ಹಾಕಿ ಕಾಯಿ ಚಟ್ನಿ ಮಾಡ್ರಿ. ಆಮ್ಯಾಲ ಕುಂತು ಅಳೂವಂತ್ರಿ" ಅಂದರು. ಆ ಮನುಷ್ಯ ಕೆಲವು ಸಲ ಸರಿಯಾದದ್ದನ್ನೇ ಹೇಳುತ್ತಾರೆ. ಚಟ್ನಿ ಅರೆಯುತ್ತ ಕೇಳಿದೆ, "ಎಷ್ಟು ಮುರಿತಾವ ಅಕ್ಕ, ಇಪ್ಪತ್ತರಾಗ?"

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಎಡಗೈಯಲ್ಲಿ ಬಡಿಯುತ್ತಿದ್ದಳು. "ಒಂಬತ್ತು."

"ನಾಳಿಂದ ಗಿಡ ನಿನ್ನವು. ನಾ ಒಂದು ಕಾಯಿ ಕೇಳಂಗಿಲ್ಲ."

"ನಿನ್ನ ಫೋಟೋ?"

"ಗುಲಾಬಿ ಅದಾವಲ್ಲ."

"ಅವನ್ನ ಯಾರ ನೋಡ್ತಾರ" ಅಂದಳು ಅಕ್ಕ.

ಆಷಾಢ ಪೂರ್ತಿ ಹಾಗೇ ಹೋಯಿತು. ಹೊರಗೆ ಗಾಳಿ, ಮೋಡ, ಹಿಡಿದುಬಿಟ್ಟರೆ ಮೂರು ದಿನ ಬಿಡದ ಜಿಟಿಜಿಟಿ. ಒಳಗೆ ಬಲೆಯ ಬಿಳಿ ಬೆಳಕು. ಭಾಯಿಯ ಹಲಗೆ ಅಕ್ಕನ ಮೊಣಕೈಗೆ ಸರಿಯಾಗಿ ಕೂತಿತ್ತು. ಮಧ್ಯಾಹ್ನ ಮೂರಕ್ಕೆ ಅವಳು ಮೊಗ್ಗು ಹಿಡಿಯುವಳು, ಐದಕ್ಕೆ ನಾನು ಬಂದು ಎಣಿಸುವುದು. ಒಂಬತ್ತು ಎಂಟಾಯಿತು, ಎಂಟು ಆರಾಯಿತು. ಒಂದು ಸಲ ನಾನೂ ಚಿಮಟ ಹಿಡಿದೆ. ಇಪ್ಪತ್ತಕ್ಕೆ ಇಪ್ಪತ್ತೂ ಮುರಿದೆ. ಅಕ್ಕ ಅವನ್ನು ಅಂಗೈಯಲ್ಲಿ ಹರಡಿಕೊಂಡು, "ಹೈಸ್ಕೂಲ್ ಆಫೀಸಿನ್ಯಾಗ ನೌಕರಿ ಹೆಂಗ ಕೊಟ್ರು ನಿನಗ?" ಅಂತ ಕೇಳಿದಳು. ಬಂದಾಗಿನಿಂದ ಅವತ್ತೇ ಅವಳು ಬಾಯಿ ತುಂಬ ನಕ್ಕದ್ದು.

ಒಂದು ದಿನ ಮೂರೇ ಮುರಿದವು. ನಾನು ಕುಣಿದು ಪೇಡೆ ತಂದೆ. ಮರುದಿನ ಥಂಡಿಗೆ ಮಣಿಕಟ್ಟು ಬಾತು ಏಳಾಯಿತು. ಅಕ್ಕ ಬಿಸಿನೀರಿನಲ್ಲಿ ಕೈ ಅದ್ದಿ ಕೂತಳು. ನಾನು ಮತ್ತೆ ಶುರು ಮಾಡಿದೆ, "ಇಲ್ಲೇ ಇರ ಅಕ್ಕ. ನಿನಗ ಯಾತರ ಕೊರತಿ ಐತಿ ಇಲ್ಲಿ?"

ಅವಳು ನೀರು ನೋಡುತ್ತ ಹೇಳಿದಳು, "ಸುಜಿ, ಅಲ್ಲಿ ಒಂದ ಸಾಲಿಗೆ ಇಬ್ಬರು. ಆ ಕಡಿ ಒಬ್ಬಾಕಿ, ಈ ಕಡಿ ಒಬ್ಬಾಕಿ, ನಡುವ ಗಿಡ. ಮಾರಿ ಕಾಣಂಗಿಲ್ಲ, ಮಾತು ಕೇಳಸ್ತೈತಿ. ಇಪ್ಪತ್ತು ವರ್ಷ ನಾ ಹಂಗ ಮಾತಾಡೇನಿ. ಗಂಡ ಸತ್ತದ್ದು, ಮಗಳ ಮದಿವಿ, ಎಲ್ಲಾ ಆ ಸಾಲಿನ್ಯಾಗ. ಇಲ್ಲಿ ನೀ ಮಾರಿ ನೋಡಿ ಮಾತಾಡ್ತೀ. ನನಗ ಬರಂಗಿಲ್ಲ."

ನಾನು ಒಳಗೆ ಹೋಗಿ ಇನ್ನೊಂದು ತಂಬಿಗೆ ಬಿಸಿನೀರು ತಂದು ಸುರಿದೆ.

ನಾಗರ ಪಂಚಮಿಗೆ ನಾಲ್ಕು ದಿನ ಇರುವಾಗ ರಜೆ ಹಾಕಿ ಅವಳ ಜೊತೆ ಹೊರಟೆ. ಹಾನಗಲ್ಲಿನಲ್ಲಿ ಇಳಿದು ಮಗಳನ್ನು ಮಾತಾಡಿಸಿ, ಇನ್ನೊಂದು ಬಸ್ಸು ಹಿಡಿದು ಹಂಸಭಾವಿಗೆ. ದಾರಿಯುದ್ದಕ್ಕೂ ಅಕ್ಕ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಬೆಚ್ಚಗೆ ಇಟ್ಟುಕೊಂಡಿದ್ದಳು. ಹೊಲಕ್ಕೆ ಹೋದಾಗ ಮಧ್ಯಾಹ್ನದ ಮೊಗ್ಗಿನ ಕೆಲಸ ಶುರುವಾಗಿತ್ತು. ಬಲೆಯೊಳಗಿಂದ ಹೆಂಗಸರು, "ಗಿರಿಜಾ ಬಂದ್ಲು, ಗಿರಿಜಾ ಬಂದ್ಲು" ಅಂದರು. "ಶಿಗ್ಗಾಂವ್ಯಾಗ ಉಂಡು ಉಂಡು ಮೈ ತುಂಬಕೊಂಡಾಳ ನೋಡ" ಅಂತ ಯಾರೋ ಕೂಗಿದರು. ನೀಲವ್ವ ದಪ್ಪ ಕನ್ನಡಕದ ಹೆಂಗಸು. ಹೆಚ್ಚು ಮಾತಿಲ್ಲ. ಒಂದು ಗಿಡ ತೋರಿಸಿ, "ಹಿಡಿ" ಅಂದಳು.

ಅಕ್ಕ ಚಿಮಟ ಹಿಡಿದಳು. ಮೊದಲ ಏಳು ಸಲೀಸಾಗಿ ಹೋದವು. ಎಂಟನೆಯದು ಮುರಿಯಿತು. ಮತ್ತೆ ನಾಲ್ಕು ಸರಿ. ಆಮೇಲೆ ಸಾಲಾಗಿ ಎರಡು ಮುರಿದವು. ಅಲ್ಲಿಗೇ ಮುಗಿದಿತ್ತು, ಆದರೆ ಅಕ್ಕ ನಿಲ್ಲಿಸಲಿಲ್ಲ. ಇಪ್ಪತ್ತೂ ಮಾಡಿದಳು, ಇನ್ನೆರಡು ಮುರಿದವು. ಕೊನೆಗೆ ಚಿಮಟವನ್ನು ಸೆರಗಿಗೆ ಒರೆಸಿದಳು.

ನೀಲವ್ವ ಕನ್ನಡಕ ತೆಗೆದು ಬೇರೆ ಕಡೆ ನೋಡುತ್ತ ಅಂದಳು, "ಎರಡು. ಬರಕೊಂತೇನಿ."

"ಐದು" ಅಂದಳು ಅಕ್ಕ.

"ಗಿರಿಜಾ, ಸುಮ್ನಿರು."

"ಐದು ಬರಿ ನೀಲಾ. ನಾಳೆ ನನ್ನ ಸಾಲಿನ್ಯಾಗ ಕಾಯಿ ಕಡಿಮಿ ಬಿದ್ರ ನಿನ್ನ ಕೇಳ್ತಾರ. ನನ್ನ ಕೇಳಂಗಿಲ್ಲ."

ನಾನು ಅಕ್ಕನ ರಟ್ಟೆ ಹಿಡಿದು, "ನಡಿ, ಮನಿಗೆ ಹೋಗೂಣು" ಅಂದೆ. ಅವಳು ಕೈ ಬಿಡಿಸಿಕೊಂಡು ನೀಲವ್ವನನ್ನು ಕೇಳಿದಳು, "ಸೆಲ್ಫ್ ಕೀಳಾಕ ಮಂದಿ ಬೇಕೇನು?"

ಅದು ಹೊಸಬರಿಗೆ ಕೊಡುವ ಕೆಲಸ. ಚಿಮಟ ಕೈಗೆ ಬರುವ ಮುಂಚೆ ಹುಡುಗಿಯರು ಮಾಡುವುದು. ಕೂಲಿ ಕಡಿಮೆ, ಮರ್ಯಾದೆ ಅದಕ್ಕಿಂತ ಕಡಿಮೆ. ನನಗೆ ತಡೆಯಲಾಗಲಿಲ್ಲ. "ಇಪ್ಪತ್ತು ವರ್ಷ ಚಿಮಟ ಹಿಡದಾಕಿ ಕಾಯಿ ಕೀಳಾಕ ಹೋಗ್ತೀಯಾ?"

"ಹೋಗ್ತೇನಿ" ಅಂದಳು ಅಕ್ಕ. "ನಿನ್ನ ಮನ್ಯಾಗ ಕುಂತು ನಿನ್ನ ಕಾಯಿ ಕೀಳೋದಕಿಂತ ಚಲೋ ಅಲ್ಲೇನು?"

ಎಲ್ಲರೂ ನಕ್ಕರು. ನೀಲವ್ವನೂ ನಕ್ಕಳು, ಕನ್ನಡಕ ಒರೆಸಿಕೊಳ್ಳುತ್ತ. ಅಕ್ಕ ಮೂಲೆಯಲ್ಲಿದ್ದ ಒಂದು ಬಕೆಟ್ಟು ಎತ್ತಿಕೊಂಡು, ನಾಳೆಯವರೆಗೂ ಕಾಯದೆ, ಆಗಲೇ ಒಂದು ಸಾಲಿನೊಳಗೆ ಹೊಕ್ಕಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಕಾಣದಾಯಿತು. ಗಿಡಗಳ ಆಚೆಯಿಂದ ಯಾರೋ ಅವಳನ್ನು ಏನೋ ಕೇಳಿದರು. ಅವಳು ನಮ್ಮ ಮನೆಯ ಸುದ್ದಿ ಹೇಳಲು ಶುರು ಮಾಡಿದಳು, ಟಾಕಿ ಮೇಲೆ ಹೋಗಿ ಕೂತ ಪ್ಲಾಸ್ಟಿಕ್ ಮನೆಯಿಂದ.

ನಾನು ಒಬ್ಬಳೇ ಬಸ್ಸು ಹತ್ತಿದೆ. ಹಾನಗಲ್ಲಿನವರೆಗೂ ಸಿಟ್ಟು, ಆಮೇಲೆ ಅಳು. ಈಗ ಯೋಚಿಸಿದರೆ ಆ ಸಿಟ್ಟು ಅಕ್ಕನ ಮೇಲಿನದಲ್ಲ. ಅವಳು ಗೆದ್ದರೆ ಹೋಗಲಿ, ಸೋತರೆ ನಮ್ಮ ಮನೆಯಲ್ಲಿರಲಿ ಅಂತ ನಾನೇ ತೀರ್ಮಾನ ಮಾಡಿಟ್ಟಿದ್ದೆ. ಸೋತ ಮೇಲೂ ಹೋಗಲು ಒಂದು ದಾರಿ ಇರುತ್ತದೆ, ಅದು ಒಂದು ಮೆಟ್ಟಿಲು ಕೆಳಗಿರುತ್ತದೆ, ಅದನ್ನು ಇಳಿಯಲು ಅವಳಿಗೆ ನಾಚಿಕೆ ಇರಲಿಲ್ಲ. ನಾಚಿಕೆ ನನಗಿತ್ತು.

ಅಕ್ಕ ಈಗಲೂ ಅದೇ ಕೆಲಸದಲ್ಲಿದ್ದಾಳೆ. ಚಿಮಟ ಮತ್ತೆ ಅವಳ ಕೈಗೆ ಬರಲಿಲ್ಲ, ಬರುವುದೂ ಇಲ್ಲ. ಅದಕ್ಕೆ ಅವಳಿಗೆ ನೋವಿಲ್ಲ ಅಂತ ನಾನು ಹೇಳುವುದಿಲ್ಲ. ಹಬ್ಬಕ್ಕೆ ಬಂದಾಗ ಬೇರೆಯವರ ಕೈ ಬಗ್ಗೆ ಮಾತಾಡುತ್ತಾಳೆ, ಯಾರದು ಹಗುರ, ಯಾರದು ಒರಟು ಅಂತ. ಮಾತಾಡುತ್ತಲೇ ತನ್ನ ಬಲಗೈಯ ಹೆಬ್ಬೆರಳಿಗೆ ತೋರುಬೆರಳು ಒತ್ತಿ ನೋಡಿಕೊಳ್ಳುತ್ತಾಳೆ.

ತಾರಸಿಗೆ ಎಂಥ ಗ್ರೀನ್‌ಹೌಸ್ ತರಲಿ ಅಂತ ನನಗೆ ಮೆಸೇಜು ಮಾಡುವವರು ಬಹಳ ಮಂದಿ. ಶೀಟೋ ಬಲೆಯೋ, ಎಷ್ಟು ಅಡಿ, ಬಾಗಿಲು ಯಾವ ಕಡೆ, ಎಲ್ಲ ಹೇಳುತ್ತೇನೆ, ಅದೇನೂ ಗುಟ್ಟಲ್ಲ. ಆದರೆ ಮೊದಲು ನನಗೆ ಇದಕ್ಕೆ ಉತ್ತರ ಬರೆಯಿರಿ. ನಿಮ್ಮ ಮನೆಯಲ್ಲೂ ಒಂದು ಕೆಲಸದಲ್ಲಿ ಪಳಗಿದ ಕೈ ಇದ್ದಿರಬೇಕು. ನೇಯುವ ಕೈಯೋ, ಹೊಲಿಯುವ ಕೈಯೋ, ಗಾಡಿ ಓಡಿಸುವ ಕೈಯೋ. ಅದು ಸೋತ ದಿನ ಅವರು ಏನು ಮಾಡಿದರು? ನೀವು ಏನು ಅಂದಿರಿ? ಬುದ್ಧಿಮಾತು ಬೇಡ, ನಡೆದದ್ದು ಬರೆಯಿರಿ. ನೀವು ಅಂದದ್ದು ತಪ್ಪಾಗಿದ್ದರೆ ಅದನ್ನೂ ಹಾಗೇ ಬರೆಯಿರಿ. ನಾನು ಬರೆದಿದ್ದೇನಲ್ಲ.